ನೀರು ಬಂದ ದಿನ ಲಯ ತಪ್ಪಿದ ಕಟ್ಟಡ

"ಮನಿ ಅಳ್ಳಾಡತೈತೇನ್ರಿ ಸಾಹೇಬ್ರ?" ಹುಬ್ಬಳ್ಳಿಯ ಜಿ+3 ಕಟ್ಟಡವೊಂದರ ಯಜಮಾನರು ಕೇಳಿದರು. "ಹೌದ್ರಿ" ಅಂದುಬಿಟ್ಟೆ. ಅವರ ಮುಖ ಇಳಿಯಿತು.

ಎಲ್ಲ ಕಟ್ಟಡಗಳೂ ಗಾಳಿಗೆ, ಲಾರಿ ಓಡಾಟಕ್ಕೆ ಕಾಣದಷ್ಟು ಅಲುಗುತ್ತಲೇ ಇರುತ್ತವೆ, ಒಂದೊಂದು ತನ್ನದೇ ಲಯದಲ್ಲಿ. ಭೂಕಂಪದಲ್ಲಿ ಕಂಬ, ತೊಲೆ ಕೂಡುವಲ್ಲಿ ಕಾಂಕ್ರೀಟ್ ಬಿರಿದರೆ ಬಿಗಿ ಕಳೆದು ಲಯ ನಿಧಾನವಾಗುತ್ತದೆ. ಪ್ಲಾಸ್ಟರ್ ಹಿಂದಿನ ಪೆಟ್ಟೂ ಸಿಕ್ಕಿಬೀಳುತ್ತದೆ. ಲಯ ಶೇ 10 ಇಳಿದರೆ ಬಿಗಿ ಸುಮಾರು ಶೇ 19 ಹೋಯಿತೆಂದು ಲೆಕ್ಕ. ಆದರೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕಲ್ಲ! ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಧಾರವಾಡ ಮೂರನೇ ಭೂಕಂಪ ವಲಯ, ಅಂದರೆ ಮಧ್ಯಮ ಅಪಾಯದ್ದು. ಹಾಗಾಗಿ ಈಗಲೇ ಅಳೆದಿಡಲು ಹೊರಟೆ.

ಮೊದಲು ಹಚ್ಚಿದ ಎಂಪಿಯು6050 ಎಂಬ ಅಗ್ಗದ ಕಂಪನ ಸೆನ್ಸರ್ ಕೈಕೊಟ್ಟಿತು. ಅದರ ಸ್ವಂತ ಗದ್ದಲದಲ್ಲೇ ಕಟ್ಟಡದ ಅಲುಗಾಟ ಮುಳುಗಿತ್ತು. ಗದ್ದಲ ಕಡಿಮೆಯಿರುವ ಎಡಿಎಕ್ಸ್‌ಎಲ್355 ಸೆನ್ಸರ್ ತಂದು ಟೆರೇಸಿನಲ್ಲಿ, ಕಂಬದ ನೆತ್ತಿಗೆ ಸರಿಯಾಗಿ, ಎಪಾಕ್ಸಿಯಿಂದ ಅಂಟಿಸಿದೆ. ಕಟ್ಟಡದ ಎತ್ತರ 12 ಮೀಟರ್. ಗೋಡೆ ಲೆಕ್ಕಕ್ಕಿಲ್ಲದ ಬರೀ ಕಂಬ-ತೊಲೆ ಚೌಕಟ್ಟಿನ ಸೂತ್ರ ಹಾಕಿದರೆ ಸೆಕೆಂಡಿಗೆ 2 ಸಲ ಚಿಲ್ಲರೆ. ಅಳತೆಯಲ್ಲಿ ಬಂದದ್ದು 3.6. ಇಟ್ಟಿಗೆ ಗೋಡೆಗಳ ಪ್ರತಾಪ ಅದು.

ಆರನೇ ದಿನ ಅಳತೆಯ ನಕ್ಷೆಯಲ್ಲಿ 3.3ರಲ್ಲಿ ದೊಡ್ಡ ಶಿಖರ ಎದ್ದಿತು. ಭೂಕಂಪವೇ ಇಲ್ಲದೆ ಶೇ 16 ಬಿಗಿ ಮಾಯ! ಮರುದಿನ ಶಿಖರ ಇಲ್ಲ. ವಾರ ಕಳೆದು ಮತ್ತೆ ಹಾಜರ್. ಸೆನ್ಸರ್ ಕೆಟ್ಟಿತೆಂದು ಕೀಳಲು ಹೋದಾಗ ಆ ಮನೆಯ ಅಕ್ಕಾವ್ರು ಕೇಳಿದರು: "ಅವತ್ತ ನೀರ ಬಂದಿತ್ರಿ, ಮೋಟಾರ್ ಹಚ್ಚಿದ್ವಿ. ಅದರಿಂದೇನರ ಆತೇನು?"

ಮೋಟಾರ್ ನಿಮಿಷಕ್ಕೆ 2,800 ಸುತ್ತು, ಅಂದರೆ ಸೆಕೆಂಡಿಗೆ 46.7. ಸೆನ್ಸರ್ ಸೆಕೆಂಡಿಗೆ 1,000 ಸಲ ಅಳೆಯುತ್ತಿದ್ದರೂ ಮೆಮೊರಿ ಉಳಿಸಲೆಂದು ನಾನು ವೇಗದ ಅಲುಗಾಟ ಸೋಸುವ ಫಿಲ್ಟರ್ ಹಾಕದೆ ಇಪ್ಪತ್ತಕ್ಕೊಂದು ಹೆಕ್ಕಿ 50 ಮಾತ್ರ ಇಟ್ಟುಕೊಂಡಿದ್ದೆ. ಐವತ್ತರಲ್ಲಿ 46.7 ಕಳೆದರೆ 3.3! ಸಿನಿಮಾದಲ್ಲಿ ಗಾಲಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮೋಸ. ಫಿಲ್ಟರ್ ಮಾಡಿ 200 ಇಟ್ಟುಕೊಂಡ ಮೇಲೆ ಮೋಟಾರ್ ತನ್ನ ಜಾಗವಾದ 46.7ಕ್ಕೆ ಹೋಯಿತು, ಕಟ್ಟಡ 3.6ರಲ್ಲೇ ಉಳಿಯಿತು.

ಇನ್ನೊಂದು ಮಾತು: ಜೋರಾಗಿ ಅಲುಗುವಾಗ ಗಟ್ಟಿ ಕಟ್ಟಡದ ಲಯವೂ ತುಸು ಇಳಿಯುತ್ತದೆ. ಕಂಪನ ನಿಂತ ಮೇಲೆ, ಎಂದಿನ ಸಣ್ಣ ಅಲುಗಾಟದಲ್ಲೇ ಹೋಲಿಸಬೇಕು.

ಯಜಮಾನರಿಗೆ ಚಿಂತೆ ಇದ್ದದ್ದು ಕೆಳಗಿನ ಕೋಣೆಯ ಬಿರುಕಿನದು. ಎರಿ ಭೂಮಿ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಗೋಡೆಯೂ ಜೊತೆಗೆ. ಅಂಥದ್ದು ಟೆರೇಸಿನ ಸೆನ್ಸರಿಗೆ ನಿಲುಕುವುದಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದು ಬಂದೆ.