ಜರ್ಮನಿಯಲ್ಲಿ ಪ್ರತಿಭಟನೆ: ಪೊಲೀಸರು ಬಿಟ್ಟು ಕಳಿಸಿದ ಮೇಲೆ ಅಂಚೆಪೆಟ್ಟಿಗೆ ನೋಡಿ

ಬರ್ಲಿನ್‌ನ ಮೆರವಣಿಗೆ ಕಂಡ ನಮ್ಮ ಹುಡುಗರು ಜರ್ಮನಿಯೆಲ್ಲ ಹೀಗೆಯೇ ಎಂದುಕೊಂಡುಬಿಡುತ್ತಾರೆ. ಇಲ್ಲಿ ಪೊಲೀಸ್ ಇಲಾಖೆ ರಾಜ್ಯಗಳದ್ದು. 2006ರಿಂದ ಸಭೆ-ಮೆರವಣಿಗೆಯ ಕಾನೂನು ಮಾಡುವ ಅಧಿಕಾರವೂ ಅವುಗಳದ್ದೇ. ಆಳುವ ಪಕ್ಷದ ಮನೋಧರ್ಮ ಠಾಣೆಯವರೆಗೂ ಇಳಿಯುತ್ತದೆ. ಸಂಪ್ರದಾಯವಾದಿ ಸಿಎಸ್‌ಯು ದಶಕಗಳಿಂದ ಆಳುತ್ತಿರುವ ಬವೇರಿಯಾದಲ್ಲಿ, ಅಪರಾಧ ನಡೆಯುವ ಮುನ್ನವೇ ನ್ಯಾಯಾಧೀಶರ ಆದೇಶದ ಮೇಲೆ ಒಂದು ತಿಂಗಳು ಒಳಗಿಡಬಹುದು. 2022ರಲ್ಲಿ ಮ್ಯೂನಿಕ್‌ನ ರಸ್ತೆಗೆ ಕೈ ಅಂಟಿಸಿಕೊಂಡು ಕುಳಿತ ಹವಾಮಾನ ಹೋರಾಟಗಾರರಿಗೆ ಆದದ್ದು ಇದೇ. ತಾನೇ ಒಂದು ರಾಜ್ಯವೂ ಆಗಿರುವ ಬರ್ಲಿನ್‌ನ ಎಡಪಂಥೀಯ ಮೈತ್ರಿಕೂಟ 2021ರಲ್ಲಿ ಸಡಿಲ ಕಾನೂನು ತಂದಿತು. ಆದರೆ 2023ರ ಅಕ್ಟೋಬರ್‌ನಲ್ಲಿ ಅದೇ ಊರಿನಲ್ಲಿ ಪ್ಯಾಲೆಸ್ಟೀನ್ ಪರ ಸಭೆಗಳು ಸಾಲುಸಾಲಾಗಿ ನಿಷೇಧಗೊಂಡವು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು ನಿಜ, ಗೃಹ ಖಾತೆ ಮಾತ್ರ ಎಡ ಒಲವಿನ ಎಸ್‌ಪಿಡಿ ಪಕ್ಷದ ಕೈಯಲ್ಲೇ ಇತ್ತು. ಇಸ್ರೇಲ್ ವಿಷಯ ಬಂದರೆ ಎಡ-ಬಲದ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು.

ನಿಷೇಧವನ್ನು ಪ್ರಶ್ನಿಸಿ ತುರ್ತಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಪ್ರತಿಭಟನೆಯನ್ನೆಲ್ಲ ಫ್ರೀಡಂ ಪಾರ್ಕಿಗೆ ಅಟ್ಟುವ ಬೆಂಗಳೂರಿಗಿಂತ ಇದೇ ಮೇಲು ಎನ್ನುವವನು ನಾನು. ಆದರೆ ಅಲ್ಲಿ ಬಸ್ಸಿಗೆ ಹತ್ತಿಸಿ ಸಂಜೆ ಬಿಟ್ಟರೆ ಸಾಮಾನ್ಯವಾಗಿ ಕಥೆ ಮುಗಿಯಿತು. ಇಲ್ಲಿ ಶುರುವಾಗುವುದೇ ಆಮೇಲೆ.

ಪ್ರತಿಭಟನೆಯಲ್ಲಿ ಸಿಕ್ಕ ದಾವಣಗೆರೆಯ ವಿದ್ಯಾರ್ಥಿಯೊಬ್ಬನ ವಾಸದ ಕಾರ್ಡಿನ ವಿವರ ಬರೆದುಕೊಂಡು ಪೊಲೀಸರು ಕಳಿಸಿಕೊಟ್ಟರು. ಅವನು ಅಕ್ಕನ ಮದುವೆಗೆ ಊರಿಗೆ ಹೋದ. ಮರಳಿದಾಗ ಪೆಟ್ಟಿಗೆಯಲ್ಲಿ ಹಳದಿ ಲಕೋಟೆ; ವಿಮೆಯವರದ್ದಿರಬೇಕೆಂದು ಒಡೆಯದೆ ಮೇಜಿನ ಮೇಲಿಟ್ಟ. ಒಳಗಿದ್ದದ್ದು ಸ್ಟ್ರಾಫ್‌ಬೆಫೇಲ್: ವಿಚಾರಣೆಯೇ ಇಲ್ಲದೆ ನ್ಯಾಯಾಲಯ ಹೊರಡಿಸುವ ದಂಡದ ಆದೇಶ. ತಲುಪಿದ ಎರಡು ವಾರದೊಳಗೆ ಆಕ್ಷೇಪಿಸದಿದ್ದರೆ ಅದೇ ಅಂತಿಮ ತೀರ್ಪು. ನಿಮ್ಮ ಸಹಿ ಬೇಕಿಲ್ಲ, ಪೆಟ್ಟಿಗೆಗೆ ಬಿದ್ದರೆ ತಲುಪಿದಂತೆಯೇ. ಅಂಚೆಯವರು ಬರೆದ ತಾರೀಕು ಲಕೋಟೆಯ ಮೇಲಿರುತ್ತದೆ, ಅದನ್ನು ಎಸೆಯಬೇಡಿ. ಊರಲ್ಲಿರಲಿಲ್ಲ ಎಂದು ಗಡುವು ಮತ್ತೆ ತೆರೆಸಿಕೊಳ್ಳಬಹುದು, ಆದರೆ ಅದಕ್ಕೂ ಸಿಗುವುದು ಒಂದೇ ವಾರ. ಅದನ್ನೂ ಕಳೆದುಕೊಂಡವನು ದಂಡವನ್ನೂ ಕಟ್ಟಿದ, ವಕೀಲರಿಗೂ ಕೊಟ್ಟ.

ಆಕ್ಷೇಪಕ್ಕೆ ಕಾರಣ ಬರೆಯಬೇಕಿಲ್ಲ, ಆದರೆ ಮಾಮೂಲಿ ಇಮೇಲ್ ನಡೆಯುವುದಿಲ್ಲ. ಸಹಿ ಹಾಕಿದ ಕಾಗದವನ್ನೇ ಕಳಿಸಿ. ದಂಡವನ್ನು ಇಷ್ಟು ದಿನಗಳ ಆದಾಯ ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಆದಾಯ ತಿಳಿಯದಿದ್ದರೆ ಅಂದಾಜು ಕಟ್ಟುತ್ತಾರೆ. ಆ ಮೊತ್ತವೊಂದನ್ನೇ ಪ್ರಶ್ನಿಸಲೂಬಹುದು, ವಿದ್ಯಾರ್ಥಿಗಳಿಗೆ ಇದು ದೊಡ್ಡ ಉಳಿತಾಯ. ಪೌರತ್ವ ಕೇಳುವಾಗ 90 ದಿನಗಳ ಆದಾಯದವರೆಗಿನ ದಂಡವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೃತ್ಯದ ಹಿಂದೆ ಯೆಹೂದಿ ದ್ವೇಷ ಅಥವಾ ಜನಾಂಗ ದ್ವೇಷವಿತ್ತೆಂದು ತೀರ್ಮಾನವಾದರೆ ಆ ವಿನಾಯಿತಿಯೂ ಇಲ್ಲ. ಅರ್ಥ ತಿಳಿಯದ ಘೋಷಣೆಯನ್ನು ಗುಂಪಿನೊಂದಿಗೆ ಕೂಗುವ ಮುನ್ನ ಪಕ್ಕದವರನ್ನು ಕೇಳಿ.