“ಅಭೀ ನಕ್ಕೋ” ಅನ್ನುವವನ ಮೇಲೆ ಹಾಡು ಕಟ್ಟುವುದು ಹೆಂಗ

ಬೈಯುವ ಸಾಲಿನಿಂದ ಶುರು ಮಾಡಬೇಡಿ. ನಾನು ಹಂಗ ಬರೆದ ಮೂರು ಹಾಡಿನಲ್ಲಿ ನನ್ನ ಸಿಟ್ಟು ಕೇಳಿಸಿತು, ಅವನು ಕಾಣಲೇ ಇಲ್ಲ. ಅವನು ಖರೇನೇ ಆಡಿದ ಒಂದು ಮಾತು ಹುಡುಕಿ. ಅಪ್ಪನನ್ನು ಕಲಬುರಗಿಯ ದವಾಖಾನೆಗೆ ಸೇರಿಸಿದ ರಾತ್ರಿ ಅಳುತ್ತಾ ಅವನಿಗೆ ಫೋನ್ ಹಚ್ಚಿದ್ದೆ. “ಅಭೀ ನಕ್ಕೋ” ಅಂದ, ಅಂದರೆ ‘ಈಗ ಬ್ಯಾಡ’. 32 ವರ್ಷದ ಮನುಷ್ಯ, ಹಾಗಲಕಾಯಿ ಪಲ್ಯದ ತಾಟು ದೂರ ಸರಿಸುವ ಹುಡುಗನ ದನಿಯಲ್ಲಿ. ನಮ್ಮ ಕಡೆ ಕನ್ನಡದವರ ಬಾಯಲ್ಲೂ ದಖ್ಖನಿ ಉರ್ದು ಹಿಂಗೇ ಬಂದುಬಿಡುತ್ತದೆ. ಆ ಎರಡು ಶಬ್ದವೇ ನನ್ನ ಪಲ್ಲವಿ.

ತಾಳ ದಾದ್ರಾ, 6 ಮಾತ್ರೆ: ಧಾ ಧೀ ನಾ, ಧಾ ತೂ ನಾ. ಅಮೆರಿಕದ ಕರಿಯರ ಸೋಲ್ (soul) ಹಾಡಿನ ನಿಧಾನ ತೂಗಾಟವೂ ಇದರ ಮೇಲೆ ಸಲೀಸಾಗಿ ಕೂಡುತ್ತದೆ. ರಾಗಕ್ಕೆ ಧಾನಿ ಹಿಡಿಯಿರಿ: ಸ, ಕೋಮಲ ಗ, ಮ, ಪ, ಕೋಮಲ ನಿ. ಗಿಟಾರಿನವರು ಮೈನರ್ ಪೆಂಟಟಾನಿಕ್ ಅನ್ನುವುದು ಇವೇ ಐದು ಸ್ವರಕ್ಕೆ. ನೋಯುವ ಶಬ್ದ ಬಂದಲ್ಲಿ ಮ-ಪ ನಡುವೆ ತೀವ್ರ ಮ ಒಮ್ಮೆ ಸವರಿ ಬಿಡಿ, ಅದೇ ಕರಿಯರ ಬ್ಲೂಸ್ ಹಾಡಿನ ಬಣ್ಣ ಬರುತ್ತದೆ. ಧಾನಿಯ ಶುದ್ಧಿ ಕೆಡುತ್ತದೆ, ಕೆಡಲಿ.

ಹಾಡಿನ ಜೀವ ಇರುವುದು ಹಿಮ್ಮೇಳದಲ್ಲಿ. ಭಜನೆಯಲ್ಲಿ, ಖವ್ವಾಲಿಯಲ್ಲಿ ಮುಂದೆ ಕೂತವರು ಹಾಡಿದ್ದಕ್ಕೆ ಹಿಂದಿನವರು ಓಗೊಡುತ್ತಾರೆ. ಸೋಲ್ ಹುಟ್ಟಿದ ಗಾಸ್ಪೆಲ್‌ನಲ್ಲೂ, ಅಂದರೆ ಅವರ ಚರ್ಚಿನ ಹಾಡಿನಲ್ಲೂ, ಇದೇ ರೀತಿ. ನಾನು “ಅಪ್ಪ ಮಾತಾಡವಲ್ಲ, ನೀನರೆ ಮಾತಾಡೋ” ಅಂದರೆ ಗಂಡುದನಿಗಳು “ಅಭೀ ನಕ್ಕೋ” ಅನ್ನಬೇಕು, ಮೆಲ್ಲಗೆ, ನಿದ್ದೆಗಣ್ಣಿನಲ್ಲಿ ಅಂದಂಗ. ಒರಟಾಗಿ ಹಾಡಿಸಿದರೆ ಅವನು ಖಳನಾಯಕ ಆಗಿಬಿಡುತ್ತಾನೆ, ಅದು ಅವನಿಗೆ ಅನ್ಯಾಯ. ಅಳುವವರ ಮಗ್ಗಲಿಗೆ ಸುಮ್ಮನೆ ಕೂಡುವುದನ್ನು ಯಾರೂ ಅವನಿಗೆ ಕಲಿಸಲಿಲ್ಲ. ಎರಡನೇ ಚರಣ ಅದಕ್ಕೇ ಇಡಿ: ಬಿದ್ದು ಮೊಣಕಾಲು ತರಚಿಕೊಂಡ ಆರು ವರ್ಷದ ಹುಡುಗ, “ಗಂಡ್ಸಾಗಿ ಅಳ್ತೀಯೇನೋ” ಅನ್ನುವ ಮನೆಮಂದಿ. ಇಲ್ಲಿ ತಬಲಾ ನಿಲ್ಲಿಸಿ, ಬರೀ ತಂಬೂರಿ ಸಾಕು.

ರೆಕಾರ್ಡಿಂಗ್ ಬೆಳಗಿನ ಐದಕ್ಕೆ. ನಮ್ಮ ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂಡಲು ಆಗುವುದು ಆಗ ಮಾತ್ರ. ಬೆನ್ನ ಹಿಂದೆ ಅವ್ವನ ಕೌದಿ ಇಳಿಬಿಟ್ಟರೆ ಗೋಡೆಯ ಮಾರ್ದನಿ ತಗ್ಗುತ್ತದೆ. ಫೋನು ಬಾಯಿಂದ ಒಂದು ಗೇಣು ದೂರ, ತುಸು ಓರೆ ಇರಲಿ. “ಅಪ್ಪ” ಅಂದಾಗ ಉಸಿರು ನೇರ ಬಡಿಯಬಾರದು.

ಕೊನೆಯ ಸಲ ನಿಮ್ಮ ಸಾಲು ಹಾಡಿ, ಹಿಮ್ಮೇಳದ ಜಾಗ ಖಾಲಿ ಬಿಡಿ. ಎರಡು ಆವರ್ತ, 12 ಮಾತ್ರೆ, ತಬಲಾ ಒಂದೇ ನಡೆಯುತ್ತಿರಲಿ. ಎಡಿಟ್ ಮಾಡುವವರು ಅದನ್ನು ಕತ್ತರಿಸೋಣ ಅಂತಾರೆ. ಒಪ್ಪಬೇಡಿ.