ದಸರಾ ರಜೆಗೆ ಮೊಮ್ಮಕ್ಕಳಿಗೊಂದು ಕೌದಿ

ರಿಟೈರ್ ಆದಮೇಲೆ ಮಧ್ಯಾಹ್ನ ಉದ್ದ ಅನಿಸುತ್ತದೆ ಅಲ್ವಾ? ಕೌದಿ ಹಿಡಿಯಿರಿ, ಅಂದರೆ ಹಳೆ ಬಟ್ಟೆ ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿಯುವ ಹೊದಿಕೆ. ಮೊದಲ ಸಲವೇ ಡಬಲ್ ಮಂಚದ ಅಳತೆ ಬೇಡ, ಮೂರಡಿ ಅಗಲ, ನಾಲ್ಕಡಿ ಉದ್ದ ಸಾಕು.

ಹಳೆ ಹತ್ತಿ ಸೀರೆ, ಧೋತರ, ಲುಂಗಿ ತೆಗೆಯಿರಿ. ಒಗೆದು ಬಿಸಿಲಿಗೆ ಹಾಕಿ. ಬಣ್ಣ ಬಿಡುವುದಿದ್ದರೆ ಈಗಲೇ ಬಿಡಲಿ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗೇನು ಬರ ಇಲ್ಲ, ಆದರೆ ಕೈಹೊಲಿಗೆಗೆ ಅದು ಬೇಡ, ಬೆರಳು ನೋಯುತ್ತವೆ. ಸಿಂಥೆಟಿಕ್ ಸೀರೆಯೂ ಜಾರುತ್ತದೆ.

ನೆಲದ ಮೇಲೆ ಒಂದು ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಎರಡು ಮೂರು ಪದರ ಹಳೆ ಬಟ್ಟೆ ಹರಡಿ, ನಾಲ್ಕೂ ಮೂಲೆಗೆ ಭಾರದ ಡಬ್ಬಿ ಇಟ್ಟು, ಗೇಣಿಗೊಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿಬಿಡಿ. ಇದನ್ನು ಬಿಟ್ಟರೆ ಮುಂದೆ ಪದರ ಸರಿದು ಗಂಟು ಗಂಟಾಗುತ್ತದೆ. ಬಣ್ಣದ ತುಂಡುಗಳನ್ನು ಅಂಚು ಒಳಗೆ ಮಡಚಿ ಮೇಲೆ ಜೋಡಿಸಿ. ಇಳಕಲ್ ಸೀರೆಯ ಸವೆಯದ ಅಂಚು ಸಿಕ್ಕರೆ ಸುತ್ತ ಪಟ್ಟಿಗೆ ಅದೇ ಚೆಂದ.

ಇನ್ನು ಹೊಲಿಗೆ. ದಪ್ಪ ಹತ್ತಿ ದಾರ, ಉದ್ದ ಸೂಜಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ, ಸಾಲಿನಿಂದ ಸಾಲಿಗೆ ಬೆರಳಗಲ ಬಿಟ್ಟರೆ ಸಾಕು. ಹೊಲಿಗೆ ಸೊಟ್ಟ ಆದರೂ ಬಿಚ್ಚಬೇಡಿ. ಕೌದಿಗೆ ಅದೇ ಲಕ್ಷಣ! ಕಿಟಕಿ ಬೆಳಕಲ್ಲೇ ಕೂತುಕೊಳ್ಳಿ, ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ. ಸೂಜಿಗೆ ದಾರ ಪೋಣಿಸುವುದನ್ನು ಮೊಮ್ಮಕ್ಕಳಿಗೆ ಬಿಡಿ.

ಮುಗಿದ ಮೇಲೆ ಕಚ್ಚಾ ದಾರ ಎಳೆದು ತೆಗೆಯಿರಿ. ಒಗೆಯುವಾಗ ನೆನಪಿರಲಿ, ಒದ್ದೆ ಕೌದಿ ಭಾರೀ ತೂಕ, ಹಿಂಡಲು ಇನ್ನೊಬ್ಬರನ್ನು ಕರೆಯಿರಿ.